ಮೇಲೆ ಕೆಂಪು, ಕೆಳಗೆ ಕಪ್ಪು: ಕಲ್ಯಾಣದ ನೆಲ ಓದುವ ಬಗೆ

ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಉಮರ್ಗಾ ದಾಟಿ ಕರ್ನಾಟಕದೊಳಗೆ ಕಾಲಿಟ್ಟದ್ದು ಎಷ್ಟೋ ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ. ಬೋರ್ಡುಗಳ ಲಿಪಿ ಬದಲಾಗುತ್ತದೆ, ಅಷ್ಟೆ. ಎಡಕ್ಕೂ ಬಲಕ್ಕೂ ತೊಗರಿ, ಸೋಯಾ, ನಡುನಡುವೆ ಕಬ್ಬು. ಸಸ್ತಾಪುರ ಬಂಗ್ಲಾದಲ್ಲಿ ಲಾರಿಗಳು ಚಹಾಕ್ಕೆ ನಿಲ್ಲುತ್ತವೆ. ಕ್ಲೀನರ್ ಹುಡುಗ ಟೈರಿಗೆ ಒಂದೆರಡು ಏಟು ಹಾಕಿ ನೋಡುತ್ತಾನೆ, ಮತ್ತೆ ಗಾಡಿ ಹುಮನಾಬಾದಿನ ಕಡೆ ಓಡುತ್ತದೆ. ಕಿಟಕಿಯಲ್ಲಿ ಕೂತವರ ಕಣ್ಣಿಗೆ ಬೆಟ್ಟವಿಲ್ಲ, ಜಲಪಾತವಿಲ್ಲ, ಫೋಟೊ ತೆಗೆಯೋಣ ಎನ್ನಿಸುವ ತಿರುವೂ ಇಲ್ಲ. ಬಯಲು, ಬಯಲು, ಮತ್ತೂ ಬಯಲು.

ಈ ಬಯಲಿನ ಊರೊಂದರ ಹೆಸರು ಇವತ್ತು ಏಳು ಜಿಲ್ಲೆಗಳಿಗೆ ಹರಡಿದೆ. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕ 'ಕಲ್ಯಾಣ ಕರ್ನಾಟಕ'ವಾಯಿತು. ಕಲ್ಯಾಣ ಎಂದರೆ ಬಸವಣ್ಣ, ಚಾಲುಕ್ಯರ ರಾಜಧಾನಿ ಎನ್ನುವಷ್ಟು ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು. ಆದರೆ ಬೀದರ ಜಿಲ್ಲೆಯ ಬಸವಕಲ್ಯಾಣ (ಅಂದಿನ ಕಲ್ಯಾಣ), ಹುಮನಾಬಾದ್, ಹುಲಸೂರ ಸೀಮೆಯ ನೆಲ ಹೇಗಿದೆ, ಅಲ್ಲಿ ನೋಡುವುದೇನಿದೆ ಎಂದು ಕೇಳಿದರೆ ಬೆಂಗಳೂರಿನವರಿರಲಿ, ಕಲಬುರಗಿಯವರೂ ಕ್ಷಣ ತಡೆಯುತ್ತಾರೆ.

ನೋಡುವುದು ಬಹಳ ಇದೆ. ಆದರೆ ಅದರಲ್ಲಿ ಹೆಚ್ಚಿನದೆಲ್ಲ ತಗ್ಗಿನಲ್ಲಿದೆ, ಕಲ್ಲಿನ ಒಳಗಿದೆ, ಸಜ್ಜದ ಕೆಳಗಿದೆ. ಅದಕ್ಕೇ ಕಲ್ಲಿನಿಂದ ಶುರುಮಾಡುವುದು ಒಳ್ಳೆಯದು.

ಕಡಲು ಕೊಯ್ದು ತೋರಿಸಿದ್ದು

ಉತ್ತರ ಐರ್ಲೆಂಡಿನ ಆಂಟ್ರಿಮ್ ಎಂಬ ಕರಾವಳಿ ಸೀಮೆಯ ಚಿತ್ರವನ್ನು ಕ್ಯಾಲೆಂಡರಿನಲ್ಲಾದರೂ ನೀವು ನೋಡಿರುತ್ತೀರಿ. ಸಮುದ್ರದ ಅಂಚಿನಲ್ಲಿ ಒತ್ತೊತ್ತಾಗಿ ನಿಂತ ಸುಮಾರು 40,000 ಕಪ್ಪು ಕಂಬಗಳು. ಬಹುಪಾಲಿಗೆ ಆರು ಮೂಲೆ. ಹೆಸರು ಜೈಂಟ್ಸ್ ಕಾಸ್‌ವೇ. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿನ ಇನ್ನೊಬ್ಬ ದೈತ್ಯನ ಮೇಲೆ ಕಾಳಗಕ್ಕೆ ಹೋಗಲು ಹಾಸಿದ ದಾರಿ ಅದು ಎನ್ನುವುದು ಅಲ್ಲಿನ ಐತಿಹ್ಯ. 1986ರಲ್ಲಿ ಅದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿತು. ಅದೇ ತೀರದಲ್ಲಿ ಬಂಡೆಯ ತುದಿಗೆ ಅಂಟಿಕೊಂಡ ಡನ್‌ಲೂಸ್ ಕೋಟೆ ಇದೆ, ಕ್ಯಾರಿಕ್-ಎ-ರೀಡ್ ಎಂಬಲ್ಲಿ ಹಗ್ಗದ ಸೇತುವೆ ಇದೆ, ಪ್ರವಾಸಿಗರ ಸಾಲು ಇದೆ.

ದೈತ್ಯನನ್ನು ಬದಿಗಿಟ್ಟರೆ ಉಳಿಯುವುದು ಲಾವಾ. ಸುಮಾರು 6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹೊರಚೆಲ್ಲಿದ ಕರಗಿದ ಕಲ್ಲು ಆರುತ್ತ ಕುಗ್ಗಿತು. ಕುಗ್ಗುವಾಗ, ಬತ್ತಿದ ಕೆರೆಯ ಕೆಸರು ಬಿರಿಯುವಂತೆ ಬಿರಿಯಿತು. ಬಿರುಕು ಮೇಲಿನಿಂದ ಆಳಕ್ಕೆ ಇಳಿಯುತ್ತ ಹೋದದ್ದರಿಂದ ಕಂಬಗಳಾದವು. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಹೀಗೇ ಆದವು. ಆದರೆ ಅವು ಇನ್ನೂ ಹಳೆಯವು, ಭಾರತವೂ ಮಡಗಾಸ್ಕರ್ ಕೂಡ ಬೇರ್ಪಟ್ಟ ಕಾಲದವು.

ಕಲ್ಯಾಣದ ಬಯಲು ಕೂಡ ಅಂಥದೇ ಬೆಂಕಿಯ ಮಗು, ಆಂಟ್ರಿಮ್‌ಗಿಂತ ಸ್ವಲ್ಪ ಹಿರಿಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೊಸಾರ್‌ಗಳು ಅಳಿದ ಆಸುಪಾಸಿನಲ್ಲಿ, ದಖನ್ನಿನಲ್ಲಿ ಲಾವಾ ಪದರ ಪದರವಾಗಿ ಹರಿಯಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಪಶ್ಚಿಮಕ್ಕೆ, ಮಹಾಬಳೇಶ್ವರದ ಕಡೆ, ಅದರ ದಪ್ಪ ಒಂದು ಕಿಲೋಮೀಟರಿಗೂ ಹೆಚ್ಚು. ಪೂರ್ವಕ್ಕೆ ಬಂದಂತೆ ತೆಳುವಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಹತ್ತಿರ ಹತ್ತಿರ 10,000 ಜನ ಸತ್ತ ಮೇಲೆ ವಿಜ್ಞಾನಿಗಳು ಅಲ್ಲಿ ನೆಲ ಕೊರೆದು ನೋಡಿದರು. ಕಪ್ಪು ಕಲ್ಲು 338 ಮೀಟರ್ ಇಳಿದಿತ್ತು. ಅದರ ಕೆಳಗೆ ಹಳೆಯ ಮೂಲಶಿಲೆ. ಬೀದರ ಜಿಲ್ಲೆಯ ಹಿರಿಯರು ಇವತ್ತಿಗೂ ಆ ಬೆಳಗಿನ ಜಾವ ನೆನೆಯುತ್ತಾರೆ.

ಆಂಟ್ರಿಮ್‌ನಲ್ಲಿ ಕಡಲು ಆ ಲಾವಾವನ್ನು ಕೊಯ್ದು ಅಡ್ಡಸೀಳು ತೋರಿಸಿತು, ಜನ ನೋಡಲು ಬಂದರು. ಇಲ್ಲಿ ಕೊಯ್ಯಲು ಕಡಲಿಲ್ಲ. ಇಲ್ಲಿನ ಅಡ್ಡಸೀಳು ಕಾಣಬೇಕೆಂದರೆ ಬಾವಿಯೊಳಗೆ ಬಗ್ಗಿ ನೋಡಬೇಕು, ಹಳ್ಳದ ದಂಡೆಗೆ ಇಳಿಯಬೇಕು.

ಕೆಂಪು ಎಲ್ಲಿಂದ ಬಂತು

ತೆರೆದ ಹಳೆಯ ಬಾವಿ ಸಿಕ್ಕರೆ ಕಟ್ಟೆಯ ಮೇಲೆ ಕೈಯೂರಿ ಒಳಗೆ ನೋಡಿ. ಎತ್ತರದ ಬಯಲಿನಲ್ಲಾದರೆ ಮೊದಲು ಒಂದಷ್ಟು ಅಡಿ ಕೆಂಪು ಕಲ್ಲು. ತೂತುತೂತು, ಮುಟ್ಟಿದರೆ ಬೆರಳಿಗೆ ಕಾವಿಬಣ್ಣ ಹತ್ತುತ್ತದೆ. ಅದರ ಕೆಳಗೆ ಬೂದುಬಣ್ಣದ ಜೇಡಿಯಂಥ ಪದರ, ಅಲ್ಲಿ ಕಲ್ಲಿನ ಸಂದಿನಿಂದ ನೀರು ಜಿನುಗಿ ಪಾಚಿ ಕಟ್ಟಿರುತ್ತದೆ. ಇನ್ನೂ ಕೆಳಗೆ ಕರಿಕಲ್ಲು, ಗುದ್ದಲಿಗೆ ಬಗ್ಗದ್ದು. ಇಡೀ ಸೀಮೆಯ ಕತೆ ಆ ಬಾವಿಯ ಗೋಡೆಯ ಮೇಲಿದೆ.

ಕೆಂಪು ಕಲ್ಲು ಬೇರೆ ಕಡೆಯಿಂದ ಬಂದದ್ದಲ್ಲ. ಅದು ಕಪ್ಪು ಕಲ್ಲಿನದೇ ಮುಪ್ಪು. ಬಿಸಿಲು, ಮಳೆ ಎರಡೂ ಜೋರಾಗಿದ್ದ ಕಾಲದಲ್ಲಿ ನೀರು ಲಕ್ಷಾಂತರ ವರ್ಷ ಇಳಿದಿಳಿದು ಕಲ್ಲಿನಲ್ಲಿದ್ದ ಸಿಲಿಕಾ, ಸುಣ್ಣದ ಅಂಶಗಳನ್ನು ತೊಳೆದುಕೊಂಡು ಹೋಯಿತು. ಕಬ್ಬಿಣ, ಅಲ್ಯುಮಿನಿಯಂ ಉಳಿದವು. ಕಬ್ಬಿಣಕ್ಕೆ ತುಕ್ಕು ಹಿಡಿದರೆ ಯಾವ ಬಣ್ಣವೋ ಅದೇ ಈ ನೆಲದ ಬಣ್ಣ. ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲೂ ಇದೇ ಜಾತಿಯದು. ಫ್ರಾನ್ಸಿಸ್ ಬುಕಾನನ್ ಎಂಬ ಸರ್ವೇ ಅಧಿಕಾರಿ ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅದನ್ನು ಲ್ಯಾಟರೈಟ್ ಎಂದು ಕರೆದ. ನೆಲದಿಂದ ತೆಗೆದಾಗ ಮೆತ್ತಗೆ, ಕೊಡಲಿಯಲ್ಲೇ ಕಡಿಯಬಹುದು. ಗಾಳಿಗೆ ಬಿದ್ದ ಮೇಲೆ ಗಟ್ಟಿ.

ಆಂಟ್ರಿಮ್‌ನ ಕಡಲಬಂಡೆಯಲ್ಲೂ ಕರಿಕಲ್ಲಿನ ಎರಡು ಪದರಗಳ ನಡುವೆ ಇಂಥದೇ ಕೆಂಪು ಪಟ್ಟಿ ಓಡುತ್ತದೆ. ಚಳಿ ಮಳೆಯ ಐರ್ಲೆಂಡಿನಲ್ಲಿ ನಮ್ಮ ಮುರಕಲ್ಲು! ಲಾವಾ ಹರಿಯುವುದು ದೀರ್ಘಕಾಲ ನಿಂತಿದ್ದಾಗ, ಅಲ್ಲಿಯೂ ಸೆಕೆಯಿದ್ದಾಗ, ಮೇಲ್ಮೈ ಹೀಗೆ ಕೊಳೆತು ಕೆಂಪಾಯಿತು. ಆಮೇಲೆ ಹೊಸ ಲಾವಾ ಬಂದು ಮುಚ್ಚಿತು. 19ನೇ ಶತಮಾನದಲ್ಲಿ ಆ ಪಟ್ಟಿಯನ್ನು ಬಗೆದು ಕಬ್ಬಿಣದ ಅದಿರು, ಬಾಕ್ಸೈಟ್ ತೆಗೆದರು. ಬೀದರ, ಹುಮನಾಬಾದ್, ಕಲ್ಯಾಣಗಳಲ್ಲಿ ಮುಚ್ಚಲು ಇನ್ನೊಂದು ಲಾವಾ ಬರಲಿಲ್ಲ. ಕೆಂಪು ಮೇಲೆಯೇ ಉಳಿಯಿತು, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಕೆಂಪು ಸವೆದು ಹೋದ ತಗ್ಗುಗಳಲ್ಲಿ ಕರಿಕಲ್ಲು ಪುಡಿಯಾಗಿ ಎರೆಯಾಯಿತು. ಎರೆಯಲ್ಲಿ ತೊಗರಿ, ಕಡಲೆ, ಬಿಳಿಜೋಳ. ಕೆಂಪಿನಲ್ಲಿ ಮಳೆ ಬಿದ್ದಷ್ಟು ದಿನ ಹುಲ್ಲು. ಬಸ್ಸಿನಲ್ಲಿ ಕೂತೇ ಗುರುತಿಸಬಹುದು: ರಸ್ತೆ ಏರಿದಾಗ ಮಣ್ಣು ಕೆಂಪು, ಇಳಿದಾಗ ಕಪ್ಪು.

ಎರಡು ಕಡೆ ಹರಿಯುವ ಮಳೆ

ತೂತಿನ ಕೆಂಪು ಕಲ್ಲು ಮಳೆಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಿನ ಜೇಡಿ ಅದನ್ನು ಇಳಿಯಗೊಡುವುದಿಲ್ಲ. ಹಾಗಾಗಿ ನೀರು ಅಡ್ಡ ಹರಿದು ಬಯಲಿನ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡುವುದು, ಗುರುದ್ವಾರದ ನಾನಕ್ ಝೀರಾ ಬೇಸಿಗೆಯಲ್ಲೂ ಹರಿಯುವುದು ಇದೇ ಕಾರಣಕ್ಕೆ. ಬಹಮನಿಗಳ ಕಾಲದಲ್ಲಿ ನೆಲದಡಿಯ ಸುರಂಗ ತೋಡಿ ಈ ನೀರನ್ನೇ ಬೀದರಿಗೆ ಹರಿಸಿದರು. ನೌಬಾದಿನ ಕರೇಜ್ ಎಂದು ಈಗ ನಾವು ನೋಡಲು ಹೋಗುವುದು ಅದನ್ನೇ.

ಈ ಸೀಮೆಯ ಇನ್ನೊಂದು ಗುಟ್ಟು ನಕ್ಷೆಯಲ್ಲಿದೆ. ಇಲ್ಲಿ ಬಿದ್ದ ಮಳೆ ಎರಡು ಮಹಾನದಿಗಳಿಗೆ ಪಾಲಾಗುತ್ತದೆ. ಉತ್ತರ, ಪೂರ್ವಕ್ಕೆ ಇಳಿದದ್ದು ಕಾರಂಜಾ, ಮಾಂಜ್ರಾ ಸೇರಿ ಗೋದಾವರಿಗೆ. ದಕ್ಷಿಣಕ್ಕೆ ಇಳಿದದ್ದು ಮುಲ್ಲಾಮಾರಿ, ಕಾಗಿಣಾ, ಭೀಮಾ ದಾಟಿ ಕೃಷ್ಣೆಗೆ. ಒಂದೇ ಬದುವಿನ ಆಚೀಚೆ ಬಿದ್ದ ಎರಡು ಹನಿಗಳು ಮತ್ತೆ ಭೇಟಿಯಾಗುವುದು ಬಂಗಾಳ ಕೊಲ್ಲಿಯಲ್ಲಿ.

ಇಷ್ಟಾಗಿಯೂ ನೀರಿನ ಬಡತನ ಇಲ್ಲಿಯದು ಹಳೆಯದು. 2016ರ ಬೇಸಿಗೆಯಲ್ಲಿ ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತಂದದ್ದು ದೇಶವೆಲ್ಲ ನೋಡಿತು. ಅದೇ ಮಾಂಜ್ರಾ ಕಣಿವೆ, ಅದೇ ಕಲ್ಲು. ಕೆಂಪು ಕಲ್ಲನ್ನು ಇಟ್ಟಿಗೆಗೆಂದೋ ಮುರುಮಿಗೆಂದೋ ಬಗೆದು ಸಾಗಿಸುವಾಗ ನಾವು ಹೊರುತ್ತಿರುವುದು ನೀರಿನ ತೊಟ್ಟಿಯನ್ನೇ ಎನ್ನುವ ಅರಿವು ಟೆಂಡರು ಬರೆಯುವವರಿಗೆ ಇದ್ದಂತೆ ಕಾಣುವುದಿಲ್ಲ.

'ತೆಳಗ ಅದ ನೋಡ್ರಿ'

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ಕೋಟಿ ಎಲ್ಲದರಿ ಅಣ್ಣಾ?" ಎಂದರೆ "ಇಲ್ಲೇ ತೆಳಗ ಅದ ನೋಡ್ರಿ" ಎಂಬ ಉತ್ತರ ಬರುತ್ತದೆ. ಕೋಟೆ ಎಂದರೆ ತಲೆಯೆತ್ತಿ ನೋಡುವುದು ಚಿತ್ರದುರ್ಗದವರ ಅಭ್ಯಾಸ. ಇಲ್ಲಿ ಇಳಿಯಬೇಕು. ಸುತ್ತ ಉಬ್ಬುತಗ್ಗಿನ ಕಲ್ಲುನೆಲ, ನಡುವಿನ ತಗ್ಗಿನಲ್ಲಿ ಬುರುಜುಗಳು; ಹತ್ತಿರ ಬರುವತನಕ ಗೋಡೆ ಯಾವುದು, ಬಂಡೆ ಯಾವುದು ತಿಳಿಯದು. ದೂರದಿಂದ ತೋಪು ಹೂಡುವವನಿಗೆ ಗುರಿಯೇ ಸಿಗದಂತೆ ನೆಲವನ್ನು ಬಳಸಿಕೊಂಡ ಜಾಣತನ ಅದು.

ಈಗ ಕಾಣುವ ಗೋಡೆಗಳಲ್ಲಿ ಹೆಚ್ಚಿನವು ಚಾಲುಕ್ಯರವಲ್ಲ. 11ನೇ ಶತಮಾನದ ನಡುವಿನಲ್ಲಿ ಒಂದನೇ ಸೋಮೇಶ್ವರ ಮಾನ್ಯಖೇಟವನ್ನು ಬಿಟ್ಟು ಇಲ್ಲಿಗೆ ರಾಜಧಾನಿ ತಂದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ, ಅರ್ಧ ಶತಮಾನ, ಆಳಿದ. ಕಾಶ್ಮೀರದಿಂದ ಬಂದ ಬಿಲ್ಹಣ ಅವನ ಚರಿತೆ ಬರೆದ. ವಿಜ್ಞಾನೇಶ್ವರ ಮಿತಾಕ್ಷರ ಬರೆದು, ಕಲ್ಯಾಣದಂಥ ಪಟ್ಟಣ ಹಿಂದೆ ಇರಲಿಲ್ಲ, ಮುಂದೆಯೂ ಇರದು ಎಂದು ಹೊಗಳಿ ಮುಗಿಸಿದ. ಹಿಂದೂ ಆಸ್ತಿ ಹಂಚಿಕೆಯ ವ್ಯಾಜ್ಯಗಳಲ್ಲಿ ಬಂಗಾಳದ ಕಡೆ ಬಿಟ್ಟು ಉಳಿದ ಬಹುಪಾಲು ದೇಶ ಶತಮಾನಗಳ ಕಾಲ ನಂಬಿದ್ದು ಆ ಗ್ರಂಥವನ್ನು. ತಾತನ ಹೊಲದಲ್ಲಿ ಪಾಲು ಕೇಳಿ ಕೋರ್ಟಿಗೆ ಹೋದ ಎಷ್ಟೋ ಕುಟುಂಬಗಳಿಗೆ ತಮ್ಮ ಜಗಳದ ಬೇರು ಇಲ್ಲಿದೆಯೆಂದು ಗೊತ್ತಿರಲಿಕ್ಕಿಲ್ಲ.

1157ರಲ್ಲಿ ಕಲಚೂರಿ ಬಿಜ್ಜಳ ಅಧಿಕಾರ ಹಿಡಿದ. ಬಸವಣ್ಣ, ಅಲ್ಲಮ, ಅನುಭವ ಮಂಟಪ, ಆಮೇಲಿನ ರಕ್ತಪಾತ, ಶರಣರ ಚದುರುವಿಕೆ: ಆ ಕತೆಯನ್ನು ನಾಟಕಗಳಲ್ಲಿ, ಪ್ರವಚನಗಳಲ್ಲಿ ಎಷ್ಟು ಸಲ ಕೇಳಿದ್ದೇವೆಂದರೆ ಮತ್ತೆ ಹೇಳುವ ಅಗತ್ಯವಿಲ್ಲ. ಆದರೆ ಅದರ ಗುರುತುಗಳು ಎಲ್ಲಿವೆ ನೋಡಿ. ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಅಂಬಿಗರ ಚೌಡಯ್ಯನ ಗವಿ. ತ್ರಿಪುರಾಂತಕ ಕೆರೆಯ ಸುತ್ತಮುತ್ತ ಇರುವ ಇವೆಲ್ಲ ಮೆತ್ತನೆಯ ಕೆಂಪು ಕಲ್ಲನ್ನು ಕೊರೆದ ತಂಪು ಕೋಣೆಗಳು. ಯಾವ ಗವಿಯಲ್ಲಿ ನಿಜಕ್ಕೂ ಯಾರಿದ್ದರು ಎನ್ನುವುದನ್ನು ಭಕ್ತಿ ತೀರ್ಮಾನಿಸಿದೆ, ಶಾಸನವಲ್ಲ. ಆದರೂ ಹಗ್ಗ ಹೊಸೆಯುವವನಿಗೆ, ದೋಣಿ ನಡೆಸುವವನಿಗೆ ಊರು ಗವಿ ಕೊಟ್ಟು ನೆನಪಿಟ್ಟುಕೊಂಡದ್ದು ಸಣ್ಣ ಮಾತಲ್ಲ. ರಾಜನ ಅರಮನೆ ಎಲ್ಲಿತ್ತೆಂದು ಇವತ್ತು ಬೆರಳು ಮಾಡಿ ತೋರಿಸುವವರಿಲ್ಲ.

ಕೋಟೆ ಮುಂದೆ ಬಹಮನಿ, ಬರೀದಶಾಹಿ, ಆದಿಲಶಾಹಿ, ಮೊಗಲರ ಕೈ ದಾಟಿ ನಿಜಾಮರ ಜಹಗೀರಾಯಿತು. ಆ ಜಹಗೀರು ಪಡೆದ ಕಲ್ಯಾಣಿಯ ನವಾಬರು ಹೈದರಾಬಾದಿನಲ್ಲಿ ಕಟ್ಟಿಸಿದ ದೇವಡಿ ಎಂಬ ಬಂಗಲೆಯಲ್ಲಿ ಊರಿನಿಂದ ಬಂದವರಿಗೆಲ್ಲ ಊಟವಿತ್ತಂತೆ. ಆ ಅಡುಗೆಮನೆಯದೇ 'ಕಲ್ಯಾಣಿ ಬಿರಿಯಾನಿ' ಎಂದು ಹೈದರಾಬಾದಿಗರು ಇಂದಿಗೂ ಹೇಳುತ್ತಾರೆ. ಮಿತಾಕ್ಷರ, ವಚನ, ಬಿರಿಯಾನಿ ಮೂರಕ್ಕೂ ಒಂದೇ ಊರಿನ ವಿಳಾಸ.

ಅಕ್ಷರ ಕೊರೆಯುವ ಹೆಣ್ಣು

ಇಡೀ ಸೀಮೆಯಲ್ಲಿ ಒಂದೇ ಜಾಗ ನೋಡಲು ಸಮಯವಿದೆ ಎನ್ನುವವರಿಗೆ ನಾನು ಹೇಳುವುದು ಹುಮನಾಬಾದ್ ಸೀಮೆಯ ಜಲಸಂಗ್ವಿ. ಊರು ಸಣ್ಣದು. ಚಾಲುಕ್ಯರ ಕಾಲದ ಈಶ್ವರ ಗುಡಿ. ಶಿಖರವನ್ನು ನೋಡಿ ಬೆರಗಾಗುವಂಥದ್ದೇನೂ ಇಲ್ಲ. ಹೊರಗೋಡೆಯ ಉದ್ದಕ್ಕೂ ಸುತ್ತು ಬನ್ನಿ. ಆಳೆತ್ತರಕ್ಕೆ ಸ್ವಲ್ಪ ಕಡಿಮೆಯ ಹೆಣ್ಣುಗಳು, ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ.

ಅವರಲ್ಲಿ ಒಬ್ಬಳು ಬರೆಯುತ್ತಿದ್ದಾಳೆ. ಮೈ ಮೂರು ಕಡೆ ಬಳುಕಿದೆ, ಒಂದು ಕೈ ಎತ್ತಿ ಎದುರಿನ ಹಲಗೆಯ ಮೇಲೆ ಅಕ್ಷರ ಕೊರೆಯುತ್ತಿದ್ದಾಳೆ. ಶಿಲ್ಪಿ ಹಲಗೆಯನ್ನು ಖಾಲಿ ಬಿಟ್ಟಿಲ್ಲ, ಗೀಟು ಎಳೆದು ಬರಹದಂತೆ ತೋರಿಸಿ ಕೈತೊಳೆದುಕೊಂಡೂ ಇಲ್ಲ. ಅಲ್ಲಿ ನಿಜವಾದ ಶಾಸನವಿದೆ, ಸಂಸ್ಕೃತದಲ್ಲಿ, ವಿಕ್ರಮಾದಿತ್ಯನ ಹೊಗಳಿಕೆ. ಅಂದರೆ ಇದು ಶಾಸನ ಬರೆಯುವ ಹೆಣ್ಣಿನ ಶಿಲ್ಪವೂ ಹೌದು, ಆ ಹೆಣ್ಣು ಬರೆದ ಶಾಸನವೂ ಹೌದು. ದಾನಶಾಸನ ಕೊರೆದ ಕಲ್ಲುಕುಟಿಗರ ಹೆಸರುಗಳು ನಮಗೆ ಎಷ್ಟೋ ಸಿಕ್ಕಿವೆ, ಬಹುಪಾಲು ಗಂಡಸರವು. ಇಲ್ಲಿ ಮಾತ್ರ ಉಳಿ ಹೆಣ್ಣಿನ ಕೈಯಲ್ಲಿದೆ. ಆ ಕಾಲದಲ್ಲಿ ಅಕ್ಷರ ಬಲ್ಲ ಹೆಂಗಸರು ಇದ್ದರೆಂಬುದಕ್ಕೆ ಸಾಕ್ಷಿಯೋ, ಶಿಲ್ಪಿಯ ಕಲ್ಪನೆಯೋ, ನೋಡುವವರು ವಾದಿಸಿಕೊಳ್ಳಬಹುದು. ಕೆಲವು ದಶಕಗಳಲ್ಲೇ ಇದೇ ಕಲ್ಯಾಣದ ಬೀದಿಗಳಲ್ಲಿ ಹೆಂಗಸರು ವಚನ ಹೇಳಿದರು ಎಂಬುದನ್ನು ನೆನೆದರೆ ಮೊದಲ ಮಾತೇ ನನಗೆ ಹಿಡಿಸುತ್ತದೆ.

ಬೇಲೂರಿನ ಮದನಿಕೆಯರಿಗೆ ಇವರೇ ಹಿರಿಯಕ್ಕಂದಿರು ಎನ್ನುವ ಕಲಾ ಇತಿಹಾಸಕಾರರಿದ್ದಾರೆ. ಬೇಲೂರಿನ ಗುಡಿ 1117ರದು. ಅದನ್ನು ಕಟ್ಟಿಸಿದ ಹೊಯ್ಸಳ ವಿಷ್ಣುವರ್ಧನ ಆಗ ಕಲ್ಯಾಣದ ವಿಕ್ರಮಾದಿತ್ಯನ ಸಾಮಂತ. ಬೇಲೂರಿಗೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ, ಹೋಗಲಿ. ಜಲಸಂಗ್ವಿಯಲ್ಲಿ ಗುಡಿಯ ಬಾಗಿಲ ಬಳಿ ಚಪ್ಪಲಿಗಳ ರಾಶಿ ಕಂಡರೆ ಅದು ಊರವರ ಪೂಜೆಯ ದಿನವೆಂದು ತಿಳಿಯಬೇಕು. ಬಸವಕಲ್ಯಾಣದ ಪಕ್ಕದ ನಾರಾಯಣಪುರದ ಶಿವಾಲಯದಲ್ಲೂ ಇಂಥ ಹೆಣ್ಣುಗಳಿದ್ದಾರೆ. ಕಲ್ಯಾಣಕ್ಕೆ ಬಂದವರು ಅದನ್ನು ಬಿಟ್ಟು ಹೋಗಬಾರದು.

ಹುಮನಾಬಾದಿನಿಂದ ಮಾಣಿಕನಗರಕ್ಕೆ

ಹುಮನಾಬಾದ್ ವೀರಭದ್ರೇಶ್ವರನ ಊರು. ಜನವರಿಯ ಜಾತ್ರೆಗೆ ಮೂರು ರಾಜ್ಯಗಳ ಜನ ಸೇರುತ್ತಾರೆ. ಊರಿಗೆ ಅಂಟಿಕೊಂಡೇ ಮಾಣಿಕನಗರವಿದೆ, ವಿರಜಾ ಮತ್ತು ಗುರುಗಂಗಾ ಎಂಬ ಎರಡು ಹಳ್ಳಗಳು ಕೂಡುವಲ್ಲಿ. ಬಸವಕಲ್ಯಾಣ ಸೀಮೆಯ ಲಾಡವಂತಿಯಲ್ಲಿ 1817ರ ದತ್ತ ಜಯಂತಿಯಂದು ಹುಟ್ಟಿದ ಮಾಣಿಕ ಪ್ರಭುಗಳು ಇಲ್ಲಿ ನೆಲೆನಿಂತು 1865ರಲ್ಲಿ ಸಮಾಧಿಯಾದರು. ಎಲ್ಲ ಮತಗಳೂ ಒಂದೇ ಎನ್ನುವ ಅವರ ಸಕಲಮತ ಸಂಪ್ರದಾಯದಲ್ಲಿ ಹಾಡಿಗೆ ದೊಡ್ಡ ಜಾಗ. ಕನ್ನಡ, ಮರಾಠಿ, ಹಿಂದಿ, ಸಂಸ್ಕೃತ ಎಲ್ಲದರಲ್ಲೂ ಅವರ ಪದಗಳಿವೆ. ಡಿಸೆಂಬರಿನ ದತ್ತ ಜಯಂತಿಯ ದರಬಾರಿನಲ್ಲಿ ಹಿಂದೂಸ್ತಾನಿ ಗಾಯಕರು ರಾತ್ರಿಯಿಡೀ ಹಾಡುತ್ತಾರೆ. ಸಂತೆಯಲ್ಲಿ ಒಂದೇ ವಾಕ್ಯದೊಳಗೆ ಮೂರು ಭಾಷೆ ಮಾತಾಡುವ ಈ ಸೀಮೆಗೆ ತಕ್ಕ ದೇವಸ್ಥಾನ.

ಹುಲಸೂರ ಮತ್ತು ಗಡಿ

ಬಸವಕಲ್ಯಾಣದಿಂದ ಉತ್ತರಕ್ಕೆ ಹೋದರೆ ಹುಲಸೂರ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಇದೂ ಒಂದು. ಗಡಿಯಾಚೆ ಮಹಾರಾಷ್ಟ್ರದ ನಿಲಂಗಾ. ಬೀಗತನಗಳು ಗಡಿ ಕೇಳುವುದಿಲ್ಲ. ಊರಿನ ಗುರು ಬಸವೇಶ್ವರ ಸಂಸ್ಥಾನ ಮಠಕ್ಕೆ ಎರಡೂ ಕಡೆಯ ಭಕ್ತರು. ಇಲ್ಲಿ ನೋಡಬೇಕಾದ್ದು ಎರೆ ಹೊಲವನ್ನೇ, ಅದೂ ಎಳ್ಳಮಾವಾಸ್ಯೆಯ ದಿನ. ಊರಿಗೂರೇ ಬುಟ್ಟಿ ಹೊತ್ತು ಹೊಲಕ್ಕೆ ನಡೆಯುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಬಿಚ್ಚುತ್ತಾರೆ. ದಾರಿಹೋಕನನ್ನು ಉಣ್ಣಿಸದೆ ಬಿಡುವುದಿಲ್ಲ. ಎದೆಮಟ್ಟ ಬೆಳೆದ ಬಿಳಿಜೋಳದ ನಡುವೆ ಕೂತು ಉಣ್ಣುವಾಗ ಬಯಲೆಂಬ ದೂರು ಯಾರ ಬಾಯಲ್ಲೂ ಬರದು.

ಅದೇ ಹೊಲಗಳ ನಡುವೆ ಗೋರಟಾ ಇದೆ. 1948ರ ಮೇ ತಿಂಗಳಲ್ಲಿ, ಹೈದರಾಬಾದ್ ಸಂಸ್ಥಾನ ಭಾರತ ಸೇರುವ ನಾಲ್ಕು ತಿಂಗಳ ಮೊದಲು, ನಿಜಾಮರ ಪರದ ಸಶಸ್ತ್ರ ಪಡೆಯಾದ ರಜಾಕಾರರು ಊರಿಗೆ ನುಗ್ಗಿದರು. ಇನ್ನೂರಕ್ಕೂ ಹೆಚ್ಚು ಜನ ಹತರಾದರೆಂದು ಊರು ಲೆಕ್ಕ ಹೇಳುತ್ತದೆ. ಅಲ್ಲಿನ ಹುತಾತ್ಮ ಸ್ಮಾರಕ ಉದ್ಘಾಟನೆಯಾದದ್ದು 2023ರ ಮಾರ್ಚಿನಲ್ಲಿ. ಎಪ್ಪತ್ತೈದು ವರ್ಷ ಈ ನೆನಪನ್ನು ಕಾಪಿಟ್ಟದ್ದು ಮನೆಮನೆಯ ಮಾತು.

ಎತ್ತರಕ್ಕೆ ಏರುತ್ತಿರುವುದು

ಈಚೆಗೆ ಕಲ್ಯಾಣದ ದಿಗಂತ ಬದಲಾಗಿದೆ. ತಗ್ಗಿನಲ್ಲಿ ಅಡಗಿದ್ದ ಊರಿನಲ್ಲಿ 108 ಅಡಿಯ ಕೂತ ಬಸವಣ್ಣನ ಮೂರ್ತಿ ಎದ್ದಿತು. ತ್ರಿಪುರಾಂತಕ ಕೆರೆಯ ಕಡೆ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು. ಆಗಿನ ಅಂದಾಜು 500 ಕೋಟಿ ರೂಪಾಯಿ; 770 ಅಮರಗಣಂಗಳ, ಅಂದರೆ ಶರಣರ, ಲೆಕ್ಕಕ್ಕೆ 770 ಕಂಬ. ಪ್ರವಾಸಿಗರು ಬರುತ್ತಾರೆ, ಹೋಟೆಲುಗಳು ಏಳುತ್ತವೆ, ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ. ಬೇಡವೆನ್ನಲು ನಾವ್ಯಾರು? ಆದರೆ ದೂರದಿಂದ ಕಾಣುವುದನ್ನಷ್ಟೇ ನೋಡಿ ಹೊರಡುವ ಪ್ರವಾಸ ಈ ಊರಿನ ಸ್ವಭಾವಕ್ಕೆ ವಿರುದ್ಧ. ಮೂರ್ತಿಯ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುವ ಹತ್ತು ಬಸ್ಸುಗಳಲ್ಲಿ ಒಂದಾದರೂ ನಾರಾಯಣಪುರದ ಕಡೆ ತಿರುಗಿದರೆ ಅಲ್ಲಿನ ಗುಡಿಯ ಸುತ್ತ ಬೇಲಿ, ನೆರಳು, ಒಬ್ಬ ಕಾವಲುಗಾರ, ಇವಾದರೂ ಗಟ್ಟಿಯಾಗಿ ನಿಲ್ಲುತ್ತವೆ.

ಹೋಗುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಹತ್ತಿದರೆ ಬಿಡುವುದಿಲ್ಲ, ಬೇಸಿಗೆಯಲ್ಲಿ ಕೆಂಪು ಬಯಲಿನ ಮೇಲೆ ಕಾಲಿಡಲಾಗದು. ದೀಪಾವಳಿ ಕಳೆದ ಮೇಲೆ ಹೊರಡಿ, ದತ್ತ ಜಯಂತಿಗೋ ಎಳ್ಳಮಾವಾಸ್ಯೆಗೋ ಹೊಂದಿಸಿಕೊಳ್ಳಿ. ಬೀದರವರೆಗೆ ರೈಲಿದೆ, ಹುಮನಾಬಾದಿಗೂ ಇದೆ. ಅಲ್ಲಿಂದ ಜಲಸಂಗ್ವಿಗೆ ಬಸ್ಸು ಕಾಯುವ ಬದಲು ಆಟೊದವನನ್ನು ಹೋಗಿಬರುವುದಕ್ಕೆಂದೇ ಮಾತಾಡಿಕೊಳ್ಳುವುದು ಲೇಸು. ಅಕ್ಷರ ಕೊರೆಯುವವಳ ಮುಂದೆ ನಿಂತರೆ ಎಷ್ಟು ಹೊತ್ತಾದೀತೆಂದು ಮೊದಲೇ ಹೇಳಲು ಬರುವುದಿಲ್ಲ.